‘ನೀವು’ ಎಂದು ಕರೆದ ಮಗಳು

ಮಂಗಳವಾರ, ಹನ್ನೆರಡನೇ ತಾರೀಕು
ಬೆಳಿಗ್ಗೆ ಹತ್ತೂವರೆ

ಅಮ್ಮಾ,

ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆದೇ ಕಾಗದ ಶುರು ಮಾಡಬೇಕೆಂದು ಕಲಿಸಿದವಳು ನೀನು. ಮುಕ್ಕಾಲು ಪಾಲು ಕ್ಷೇಮವಾಗಿದ್ದೇವೆ. ಉಳಿದ ಕಾಲು ಪಾಲನ್ನು ಹೇಳುವುದಕ್ಕೇ ಈ ಕಾಗದ.

ಭಾನುವಾರ ನೀನು ಮಾತಾಡುತ್ತಿದ್ದ ಹಾಗೆಯೇ ನಾನು ಫೋನ್ ಇಟ್ಟುಬಿಟ್ಟೆ. ಆಮೇಲೆ ನೀನು ಮೂರು ಸಲ ಮಾಡಿದೆ, ನಾನು ಎತ್ತಲಿಲ್ಲ. ತಪ್ಪಾಯಿತು. ಆದರೆ ಫೋನಿನಲ್ಲಿ ನಮ್ಮಿಬ್ಬರ ಪಾಡು ನಿನಗೂ ಗೊತ್ತು. ಊಟ ಆಯ್ತಾ, ಆಯ್ತು, ನಿಂದು, ಆಯ್ತು, ಮಗು ಮಲಗಿತಾ. ಅಲ್ಲಿಂದ ಮುಂದೆ ಒಂದು ಹೆಜ್ಜೆ ಇಟ್ಟರೆ ಒಂದೋ ನೀನು ಅಳುತ್ತೀಯ, ಇಲ್ಲ ನಾನು ಇಟ್ಟುಬಿಡುತ್ತೇನೆ. ಕಾಗದವಾದರೆ ನಾನು ಹೇಳಿ ಮುಗಿಸುವವರೆಗೆ ನೀನು ಕೇಳಲೇಬೇಕು.

ಈಗ ಗಿಟ್ಲೆ ಮಹಡಿಯ ಮೇಲಿನ ಮನೆಯಲ್ಲಿದ್ದಾಳೆ. ಒಂದು ಕಡೆ ನಿಲ್ಲದೆ ಸುತ್ತುತ್ತಾಳೆಂದು ನೀನು ಮೊಮ್ಮಗಳನ್ನು ಗಿರಗಿಟ್ಲೆ ಎಂದು ಕರೆದೆಯಲ್ಲ, ಅದೇ ಸವೆದು ಸವೆದು ಗಿಟ್ಲೆಯಾಗಿದೆ. ಇಟ್ಟ ಹೆಸರು ಹಿಡಿದು ಕೂಗಿದರೆ ಅವಳು ತಿರುಗಿಯೂ ನೋಡುವುದಿಲ್ಲ. ಮೇಲಿನ ಮನೆಯಲ್ಲಿರುವವರು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದು ನಿವೃತ್ತರಾದವರು. ಕಟ್ಟಡದ ಮಂದಿಯೆಲ್ಲ ಸಿಸ್ಟರಮ್ಮ ಎನ್ನುತ್ತಾರೆ. ಹತ್ತರಿಂದ ಹನ್ನೆರಡರವರೆಗೆ ಮಗು ಅವರ ಬಳಿ. ಆ ಎರಡು ಗಂಟೆ ನಾನು ಮಲಗಿರಬೇಕೆಂದು ಅವರ ಅಪ್ಪಣೆ. ಅಪ್ಪಣೆ ಮೀರಿಲ್ಲ, ಮಲಗಿಕೊಂಡೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದೇ ಕಾರಣ.

ಇವರು, ನಿನ್ನ ಅಳಿಯ, ನಿನಗೆ ವಿಷಯ ಹೇಳಿದರು. ನಾನು ಹೇಗಿದ್ದೇನೆಂದು ಹೇಳಿರಲಾರರು, ಯಾಕೆಂದರೆ ಅವರಿಗೂ ಪೂರ್ತಿ ಗೊತ್ತಿರಲಿಲ್ಲ. ದೂರದ ಬಸ್ಸಿನ ಡ್ರೈವರು ಎರಡು ದಿನಕ್ಕೊಮ್ಮೆ ಮನೆಗೆ ಬಂದಾಗ ಕಾಣಿಸುವುದು ಮುಖ ತೊಳೆದುಕೊಂಡು, ತಲೆ ಬಾಚಿಕೊಂಡು ಬಾಗಿಲು ತೆಗೆಯುವ ಹೆಂಡತಿ. ಮಿಕ್ಕ ಎರಡು ದಿನದ ಹೆಂಡತಿಯನ್ನು ಕಂಡವಳು ಗಿಟ್ಲೆ ಒಬ್ಬಳೇ.

ಗಿಟ್ಲೆ ಹೊಟ್ಟೆಯಲ್ಲಿದ್ದಾಗ ನಾನು ಎಷ್ಟು ಗಟ್ಟಿಯಾಗಿದ್ದೆ ಎಂದು ನಿನಗೆ ನೆನಪಿರಬಹುದು. ಬೆಳಗಿನ ಹೊತ್ತು ಸ್ವಲ್ಪ ತಲೆ ತಿರುಗುತ್ತಿತ್ತು ಅಷ್ಟೆ. ಸುಸ್ತಾದರೆ ಮಲಗುತ್ತಿದ್ದೆ. ಈ ಸಲ ಬೆಳಗು, ಮಧ್ಯಾಹ್ನ, ಸಂಜೆ ಎಂಬ ಭೇದವೇ ಇಲ್ಲ. ಸೋಪಿನ ವಾಸನೆಗೆ ವಾಂತಿ, ಹಸಿ ಬಟ್ಟೆಯ ವಾಸನೆಗೆ ವಾಂತಿ, ವಾಸನೆಯೇ ಇಲ್ಲದ ನೀರಿಗೂ ವಾಂತಿ. ಮಲಗೋಣವೆಂದರೆ ಒಬ್ಬಳು ಎದೆಯ ಮೇಲೆ ಹತ್ತಿ ಕೂತು, ಎರಡು ಬೆರಳಿನಿಂದ ನನ್ನ ಕಣ್ಣಿನ ರೆಪ್ಪೆ ಬಿಡಿಸಿ, ಒಳಗೆ ಅಮ್ಮ ಇದ್ದಾಳಾ ಎಂದು ಇಣುಕಿ ನೋಡುತ್ತಾಳೆ.

ಇದು ಯೋಚಿಸಿ ಮಾಡಿದ್ದಲ್ಲ ಅಮ್ಮ. ನಿನಗೆ ಹೇಳಲು ನಾಚಿಕೆಯೇನು. ಅವಳಿಗೆ ಎದೆಹಾಲು ಬಿಡಿಸಿ ಮೂರು ತಿಂಗಳೂ ಆಗಿರಲಿಲ್ಲ. ಪರೀಕ್ಷೆಯ ಪಟ್ಟಿಯಲ್ಲಿ ಎರಡು ಗೆರೆ ಮೂಡಿದಾಗ ಖುಷಿಯಾಯಿತು ಎಂದು ಬರೆದರೆ ಅದು ಸುಳ್ಳು. ನಾನು ಅದನ್ನು ಹಳೇ ಪೇಪರಿನಲ್ಲಿ ಸುತ್ತಿ ಕಸದ ಬುಟ್ಟಿಯ ತಳಕ್ಕೆ ಹಾಕಿ, ಗಿಟ್ಲೆಯ ಅಂಗಿ ಒಗೆಯಲು ಕೂತೆ. ಇವರಿಗೆ ಹೇಳಿದ್ದು ಒಂದು ವಾರವಾದ ಮೇಲೆ. ಅವರು ನಕ್ಕರು, ನಾನು ನಗಲಿಲ್ಲ. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳುವುದು ಬೇಡವೆಂದು ನಾನೇ ಕಟ್ಟಪ್ಪಣೆ ಮಾಡಿದೆ.

ಮಧ್ಯಾಹ್ನದ ಮೇಲೆ ಕೆಲಸಕ್ಕೆ ಹೋಗುವ ಬೈಂಡಿಂಗ್ ಅಂಗಡಿಯಲ್ಲಿ ಮುಚ್ಚಿಡುವುದು ಇನ್ನೂ ಕಷ್ಟ. ನನ್ನ ಮೇಜು ಅಂಟು ಕಾಯಿಸುವ ಒಲೆಯ ಪಕ್ಕದಲ್ಲೇ. ಈಗ ಒಂದು ಗ್ರಂಥಾಲಯದ ಹಳೆಯ ಪುಸ್ತಕಗಳು ರಾಶಿ ಬಂದಿವೆ. ಒಡೆದ ಬೆನ್ನು ಕಿತ್ತು, ಹಾಳೆ ಹೊಲಿದು, ಹೊಸ ರಟ್ಟು ಹಾಕಬೇಕು. ಅಂಟಿನ ಡಬ್ಬಿ ಕುದಿಯಲು ಶುರುವಾದೊಡನೆ ನಾನು ಸೂಜಿ ಕೆಳಗಿಟ್ಟು ಹಿಂದಿನ ಅಂಗಳಕ್ಕೆ ಓಡುವುದು, ಬಂದು ಏನೂ ಆಗದವಳಂತೆ ದಾರ ಪೋಣಿಸುವುದು. ಗಿಟ್ಲೆ ನನ್ನ ಮೇಜಿನ ಕೆಳಗೆ ಕತ್ತರಿಸಿದ ಕಾಗದದ ಚೂರುಗಳ ಮಧ್ಯೆ ಆಡಿಕೊಂಡಿರುತ್ತಾಳೆ. ಯಜಮಾನಿಯಮ್ಮ ಒಳ್ಳೆಯವರು, ಮಗುವನ್ನು ಕರೆದುಕೊಂಡು ಬರಬೇಡ ಎಂದು ಒಂದು ದಿನವೂ ಹೇಳಿದವರಲ್ಲ. ಇನ್ನೊಂದು ಮಗು ಎಂದರೆ ಏನೆನ್ನುತ್ತಾರೋ ಎಂಬ ಹೆದರಿಕೆ ನನಗೆ.

ಗುಟ್ಟು ಬಿಟ್ಟುಕೊಟ್ಟವಳು ನಿನ್ನ ಮೊಮ್ಮಗಳೇ. ಒಂದು ದಿನ ಯಜಮಾನಿಯಮ್ಮ ಎದುರಿಗೆ ನಿಂತು ರಟ್ಟಿನ ಬಣ್ಣದ ಬಗ್ಗೆ ಮಾತಾಡುತ್ತಿರುವಾಗ ಇವಳು ಮೇಜಿನ ಕೆಳಗಿನಿಂದ ಹೊರಗೆ ಬಂದಳು. ರದ್ದಿ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಎರಡೂ ಕೈಯಿಂದ ಬುಟ್ಟಿ ಹಿಡಿದು, ಮೂರು ಸಲ ವ್ಯಾಕ್ ಎಂದಳು. ಆಮೇಲೆ ಅಂಗಿಯ ತುದಿಯಲ್ಲಿ ಬಾಯಿ ಒರೆಸಿಕೊಂಡು, ನಾನು ಮಾಡುವಂತೆಯೇ ಒಂದು ನಿಟ್ಟುಸಿರು ಬಿಟ್ಟು, ಮತ್ತೆ ಮೇಜಿನ ಕೆಳಗೆ ಹೋದಳು. ಯಜಮಾನಿಯಮ್ಮ ಅವಳನ್ನು ನೋಡಿದರು, ನನ್ನನ್ನು ನೋಡಿದರು, ರಟ್ಟಿನ ಮಾತು ಮುಂದುವರಿಸಿದರು. ಮಾರನೇ ದಿನ ನಾನು ಹೋಗುವಷ್ಟರಲ್ಲಿ ನನ್ನ ಮೇಜು ಕಿಟಕಿಯ ಪಕ್ಕಕ್ಕೆ ಹೋಗಿತ್ತು. ನನಗೆ ಬರೀ ಹೊಲಿಗೆ, ಅಂಟಿನ ಕೆಲಸ ಬೇರೆಯವರಿಗೆ. ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸಿಸ್ಟರಮ್ಮ ಮೆಟ್ಟಿಲು ಇಳಿಯುವ ಸದ್ದು. ಉಳಿದದ್ದು ನಾಳೆ.

ಬುಧವಾರ

ನಿನ್ನೆ ಬರೆದದ್ದನ್ನು ಓದಿದೆ. ಭಾನುವಾರದ ವಿಷಯವನ್ನು ಶುರು ಮಾಡಿ ಜಾರಿಕೊಂಡಿದ್ದೇನೆ. ಇವತ್ತು ಜಾರುವುದಿಲ್ಲ.

ನೀನು ಅಂದದ್ದು ಇಷ್ಟೇ: “ಮಗೂನ ನನ್ನ ಹತ್ರ ಕಳಿಸ್ಬಿಡು. ಹೆರಿಗೆ ಆಗೋವರೆಗೂ ನಾನು ನೋಡ್ಕೋತೀನಿ.” ಕಳಕಳಿಯಿಂದಲೇ ಅಂದದ್ದು, ನನಗೆ ಗೊತ್ತು. ಆದರೆ ಗಿಟ್ಲೆಗೆ ಈಗ ಎರಡು ವರ್ಷ ಎರಡು ತಿಂಗಳು. ನೀನು ನನ್ನನ್ನು ದೊಡ್ಡಮ್ಮನ ಮನೆಗೆ ಕಳಿಸಿದಾಗ ನನಗೂ ಅಷ್ಟೇ ವಯಸ್ಸು. ನಾನು ಲೆಕ್ಕ ಹಾಕಿದ್ದೇನೆ. ತಮ್ಮ ಹೊಟ್ಟೆಯಲ್ಲಿದ್ದ, ನಾನು ಹೋದೆ. ಅವನು ಹುಟ್ಟಿ ಅಂಬೆಗಾಲಿಟ್ಟು ನಡೆಯಲು ಕಲಿತ ಮೇಲೆ ವಾಪಸ್ಸು ಬಂದೆ. ಪೂರ್ತಿ ಒಂದೂವರೆ ವರ್ಷ.

ಬಂದ ದಿನ ನಾನು ನಿನ್ನನ್ನು ‘ನೀವು’ ಎಂದು ಕರೆದೆನಂತೆ. “ನೀವು ಯಾವಾಗ ನಮ್ಮನೆಗೆ ಬರ್ತೀರಾ” ಎಂದು ಕೇಳಿದೆನಂತೆ. ಇದನ್ನು ನೀನು ಎಷ್ಟೋ ಸಲ ಬಂದವರ ಮುಂದೆ ನಗುತ್ತಾ ಹೇಳಿದ್ದೀಯ. ಅವರೂ ನಗುತ್ತಿದ್ದರು. ನಾನೂ ಚಿಕ್ಕವಳಿದ್ದಾಗ ನಗುತ್ತಿದ್ದೆ. ಹದಿನೈದು ವರ್ಷದವಳಾದಾಗ ಒಂದು ದಿನ ಅದು ನಗುವ ಮಾತಲ್ಲ ಎಂದು ಹೊಳೆಯಿತು. ಹೆತ್ತ ತಾಯಿಯನ್ನು ಬಹುವಚನದಲ್ಲಿ ಕರೆಯುವಷ್ಟು ಮಗು ದೂರವಾಗುವವರೆಗೆ ಈಕೆ ಸುಮ್ಮನಿದ್ದಳಲ್ಲ ಎಂದು ಅನ್ನಿಸಿತು. ಗಂಡುಮಗು ಸಿಕ್ಕಿತು, ನನ್ನನ್ನು ಮರೆತಳು ಎಂದೂ ಅನ್ನಿಸಿತು. ಅವತ್ತಿನಿಂದ ನಾನು ನಿನ್ನ ಜೊತೆ ನೆಟ್ಟಗೆ ಮಾತಾಡಿಲ್ಲ. ಜಗಳವಾಡಿದ್ದರೆ ನಿನಗೆ ಗೊತ್ತಾಗುತ್ತಿತ್ತು. ಆಡಲಿಲ್ಲ. ಊಟ ಆಯ್ತಾ ಎಂದು ಕೇಳಿದೆ, ಹದಿಮೂರು ವರ್ಷ.

ಈಗ ನನ್ನ ಮಗಳನ್ನು ಕೇಳಿದೆಯಲ್ಲ, ಅದಕ್ಕೆ ಹಾಗಾಯಿತು.

ಇನ್ನೊಂದು ವಿಷಯ. ಇವರು ನಿನಗೆ ಫೋನ್ ಮಾಡಿದ್ದು ನನ್ನನ್ನು ಕೇಳಿ ಅಲ್ಲ. ಗಾಬರಿಯಾಗಿ ಮಾಡಿದ್ದು. ಯಾಕೆ ಗಾಬರಿ ಎಂದು ನಿನಗೆ ಹೇಳಬಾರದೆಂದು ನಾನು ಆಣೆ ಹಾಕಿಸಿದ್ದೆ. ಈಗ ನಾನೇ ಹೇಳುತ್ತೇನೆ. ಆಗಿಹೋದ ಮಾತು, ಎಲ್ಲರೂ ಸುರಕ್ಷಿತ, ಹೆದರಬೇಡ.

ಹೋದ ಬುಧವಾರ, ಇವತ್ತಿಗೆ ಸರಿಯಾಗಿ ಒಂದು ವಾರ. ಇವರು ಐದು ಗಂಟೆಗೇ ಡಿಪೋಗೆ ಹೋಗಿದ್ದರು. ಎಂಟರ ಹೊತ್ತಿಗೆ ಗಿಟ್ಲೆಗೆ ಹಾಲು ಕಾಯಲಿಟ್ಟೆ. ಹಾಲು ಬಿಸಿಯಾಗುವ ವಾಸನೆಗೇ ಹೊಟ್ಟೆ ತೊಳಸಿತು. ಉರಿ ಸಣ್ಣ ಮಾಡಿ ಬಚ್ಚಲಿಗೆ ಓಡಿ, ಇವಳು ಹಿಂದೆಯೇ ಬಂದು ಬೆನ್ನ ಮೇಲೆ ಹತ್ತದಿರಲಿ ಎಂದು ಬಾಗಿಲು ತಳ್ಳಿಕೊಂಡೆ. ಆ ಬಾಗಿಲಿಗೆ ಹೊರಗಡೆ ಒಂದು ಚಿಲಕವಿದೆ, ಅವಳ ಕೈಗೆ ಎಟುಕುವ ಎತ್ತರದಲ್ಲಿ. ನಾನು ಬಗ್ಗಿ ನಿಂತಿರುವಾಗಲೇ ಹೊರಗೆ ಕಟ್ ಎಂದು ಸದ್ದಾಯಿತು. ಹಾಕಲು ಕಲಿತಿದ್ದಳು. ತೆಗೆಯಲು ಕಲಿತಿರಲಿಲ್ಲ.

ತೆಗಿ ಪುಟ್ಟಾ ಎಂದೆ. ತೆಗ್ದೆ ಎಂದಳು. ಚಪ್ಪಾಳೆ ತಟ್ಟಿದ್ದೂ ಕೇಳಿಸಿತು. ನೂಕಿ ನೋಡಿದೆ, ಬಾಗಿಲು ಅಲ್ಲಾಡಲಿಲ್ಲ. ಹಿಡಿಯನ್ನು ಮೇಲಕ್ಕೆತ್ತು, ಆಮೇಲೆ ಎಳಿ ಎಂದು ಹೇಳಿಕೊಟ್ಟೆ. ಅವಳಿಗೆ ಎತ್ತುವುದು ಎಂದರೆ ತನ್ನ ಕೈ ಎತ್ತುವುದು. ಎತ್ದೆ ಎಂದಳು. ಫೋನು ಅಡುಗೆಮನೆಯಲ್ಲಿ.

ಅಷ್ಟರಲ್ಲಿ ಹಾಲು ಉಕ್ಕಿತು. ಸುಟ್ಟ ವಾಸನೆ ಬಂತು. ಸ್ವಲ್ಪ ಹೊತ್ತಿಗೆ ಅದರ ಜೊತೆ ಇನ್ನೊಂದು ವಾಸನೆ ಸೇರಿತು. ಉಕ್ಕಿದ ಹಾಲಿಗೆ ಉರಿ ಆರಿ, ಗ್ಯಾಸ್ ಹಾಗೆಯೇ ಬರುತ್ತಿತ್ತು. ಅಮ್ಮ, ಒಂದು ತಿಂಗಳಿನಿಂದ ಊರಿನ ಎಲ್ಲ ವಾಸನೆಗೂ ಶಾಪ ಹಾಕಿದ್ದ ನನಗೆ ಈ ವಾಸನೆ ಮೂಗಿಗೆ ಬಡಿದಾಗ ವಾಂತಿ ನಿಂತೇಹೋಯಿತು.

ನನಗೆ ಹೊಳೆದದ್ದು ಒಂದೇ, ಇವಳು ಅಡುಗೆಮನೆ ಕಡೆ ಹೋಗಬಾರದು. ನೆಲದ ಮೇಲೆ ಮಲಗಿ ಬಾಗಿಲ ಸಂದಿಯಿಂದ ನಾಲ್ಕು ಬೆರಳು ಹೊರಗೆ ಚಾಚಿದೆ. ಅಮ್ಮನ ಬೆರಳು ಎಷ್ಟು ಎಣಿಸು ಎಂದೆ. ಅವಳಿಗೆ ಅದು ದೊಡ್ಡ ಆಟವಾಯಿತು. ಒಂದು, ಎರಡು, ಎಂಟು. ಮತ್ತೆ ಒಂದು, ಎರಡು, ಎಂಟು. ಇನ್ನೊಂದು ಕೈಯಲ್ಲಿ ಚೊಂಬು ಹಿಡಿದು ಗೋಡೆಯ ಪೈಪಿಗೆ ಬಡಿಯತೊಡಗಿದೆ. ಬಡಿಯುವುದು, ಕೂಗುವುದು, ಮಧ್ಯೆ ನಗುವ ದನಿಯಲ್ಲಿ ಎಣಿಸು ಎನ್ನುವುದು. ಒಂದು ಸಲ ಅವಳ ಹೆಜ್ಜೆ ದೂರ ಹೋಯಿತು. ಬಡಿಯುವುದನ್ನು ನಿಲ್ಲಿಸಿ ಬಾಗಿಲ ಸಂದಿಗೆ ಕಿವಿ ಒತ್ತಿದೆ. ಆಮೇಲೆ ಟಪಟಪ ಓಡಿ ಬಂದಳು. ತನ್ನ ತಟ್ಟೆಯಲ್ಲಿ ಉಳಿದಿದ್ದ ರಸ್ಕಿನ ಚೂರು ತಂದು ನನ್ನ ಬೆರಳಿನ ಸಂದಿಗೆ ಸಿಕ್ಕಿಸಿ, “ಅಮ್ಮ ತಿನ್ನು, ವ್ಯಾಕ್ ಬೇಡ” ಎಂದಳು.

ಸಿಸ್ಟರಮ್ಮ ಇಳಿದು ಬಂದದ್ದು ನನ್ನನ್ನು ಬೈಯುವುದಕ್ಕೆ. ಪೈಪು ಯಾರು ಒಡೀತಿರೋದು ಎಂದು ಕೂಗುತ್ತಲೇ ಬಂದರು. ಬೆಳಿಗ್ಗೆ ಇವರು ಡಿಪೋಗೆ ಹೋದ ಮೇಲೆ ಮುಂಬಾಗಿಲಿಗೆ ಅಗುಳಿ ಹಾಕಲು ಎದ್ದು ಹೋಗುವ ಚೈತನ್ಯ ನನಗಿರಲಿಲ್ಲ. ಅದು ಸುಮ್ಮನೆ ಮುಂದೆ ಮಾಡಿತ್ತು. ನನ್ನ ಸೋಮಾರಿತನವೇ ಅವತ್ತು ನಮ್ಮನ್ನು ಉಳಿಸಿತು. ಬಾಗಿಲು ತಳ್ಳಿದವರೇ ಮಗುವನ್ನು ಎತ್ತಿ ಮೆಟ್ಟಿಲ ಮೇಲೆ ಕೂರಿಸಿ, ಗ್ಯಾಸ್ ಬಂದ್ ಮಾಡಿ, ಕಿಟಕಿಗಳನ್ನೆಲ್ಲ ತೆಗೆದು, ಕೊನೆಗೆ ನನ್ನ ಚಿಲಕಕ್ಕೆ ಬಂದರು. ಗಡಿಯಾರ ನೋಡಿದರೆ ಒಟ್ಟು ಇಪ್ಪತ್ತೈದು ನಿಮಿಷ.

ನಾನು ನೆಲದ ಮೇಲೆಯೇ ಕೂತಿದ್ದೆ. ಎಷ್ಟು ವಾರ ಎಂದು ಕೇಳಿದರು. ಹೊಟ್ಟೆ ಕೆಟ್ಟಿದೆ ಎಂದೆ. ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿದ್ದವರ ಮುಂದೆ! ಅವರು ನನ್ನ ಎದುರು ಹಸಿ ನೆಲದ ಮೇಲೇ ಕೂತರು.

“ಮೂರು ತಿಂಗಳು ಮುಚ್ಚಿಡೋದು ಎಲ್ಲರೂ ಮಾಡ್ತಾರೆ ಕಣಮ್ಮ. ಆದ್ರೆ ಕೈ ಹಿಡಿಯೋರು ಬೇಕಾಗೋದೇ ಆ ಮೂರು ತಿಂಗಳಲ್ಲಿ. ಹೊಟ್ಟೆ ಕಾಣ್ಸೋಕೆ ಶುರುವಾದ್ಮೇಲೆ ಬಸ್ಸಲ್ಲಿ ಎಲ್ಲರೂ ಎದ್ದು ಸೀಟು ಕೊಡ್ತಾರೆ.”

ನಾನು ಅತ್ತೆ. ಗಿಟ್ಲೆ ಬಂದು ನನ್ನ ಮಡಿಲಲ್ಲಿ ಕೂತು, ಅಮ್ಮ ಬಿದ್ದಳಾ ಎಂದು ಅವರನ್ನು ಕೇಳಿದಳು. ಇಲ್ಲ, ಕೂತಿದ್ದಾಳೆ ಎಂದು ಅವರು ಹೇಳಿದರು. ಅವತ್ತಿನಿಂದಲೇ ಹತ್ತರಿಂದ ಹನ್ನೆರಡು.

ಇವರು ಬಂದ ಮೇಲೆ ಹೇಳಿದೆ. ಸ್ಕ್ರೂಡ್ರೈವರ್ ತಂದು ಮನೆಯ ಎಲ್ಲ ಬಾಗಿಲುಗಳ ಹೊರ ಚಿಲಕ ಬಿಚ್ಚಿದರು. ಅಡುಗೆಮನೆಯ ಬೀರುವಿನ ಚಿಲಕವನ್ನೂ ಬಿಚ್ಚಿದ್ದಾರೆ, ಈಗ ಅದು ತಾನೇ ತೆರೆದುಕೊಂಡು ಓಡಾಡುವವರ ತಲೆಗೆ ಬಡಿಯುತ್ತದೆ. ಆಮೇಲೆ ಡಿಪೋದಲ್ಲಿ ಮಾತಾಡಿ ಬಂದರು. ಮುಂದಿನ ತಿಂಗಳಿನಿಂದ ಹತ್ತಿರದ ರೂಟು, ದಿನಾ ಸಂಜೆ ಮನೆಗೆ ಬರುತ್ತಾರೆ. ನಿನಗೆ ಫೋನ್ ಮಾಡಿದ್ದೂ ಆಗಲೇ.

ಶುಕ್ರವಾರ, ಮಧ್ಯಾಹ್ನ

ನಿನ್ನೆ ಬರೆಯಲಾಗಲಿಲ್ಲ, ದಿನವಿಡೀ ತಲೆ ಎತ್ತಲಾಗಲಿಲ್ಲ. ಇವತ್ತು ಪರವಾಗಿಲ್ಲ. ನಿಂಬೆಹಣ್ಣು ಮೂಸಿಕೊಂಡು ಕೂತಿದ್ದೇನೆ.

ಈಗ ಹೇಳುವುದನ್ನು ನಿಧಾನವಾಗಿ ಓದು. ಕಾಗದ ಶುರು ಮಾಡುವ ಮೊದಲೇ ಗೊತ್ತಿತ್ತು, ಬರೆಯುವ ಧೈರ್ಯ ಬಂದದ್ದು ಇವತ್ತು.

ಸೋಮವಾರ ಡಾಕ್ಟರ ಬಳಿ ಹೋಗಿದ್ದೆ. ಅಲ್ಲಿ ಒಂದು ಫಾರಂ ತುಂಬಿಸುತ್ತಾರೆ. ನಿಮ್ಮ ತಾಯಿಗೆ ಎಷ್ಟು ಬಾರಿ ಗರ್ಭ ನಿಂತಿತ್ತು, ಎಷ್ಟು ಹೆರಿಗೆ, ಮಧ್ಯದಲ್ಲಿ ಏನಾದರೂ ತೊಂದರೆ ಆಗಿತ್ತೇ ಎಂದು ನರ್ಸ್ ಕೇಳಿದಳು. ಎರಡು ಹೆರಿಗೆ, ತೊಂದರೆ ಏನೂ ಇಲ್ಲ ಎಂದು ಹೇಳಲು ಬಾಯಿ ತೆರೆದೆ. ನನಗೆ ನಿಜವಾಗಿಯೂ ಗೊತ್ತಿಲ್ಲ ಎಂದು ಆಗ ಅರಿವಾಯಿತು. ನಿನ್ನನ್ನು ಕೇಳುವ ಮುಖವಿರಲಿಲ್ಲ, ಹಿಂದಿನ ದಿನವಷ್ಟೇ ಫೋನ್ ಇಟ್ಟಿದ್ದೆ. ಸಂಜೆ ದೊಡ್ಡಮ್ಮನಿಗೆ ಮಾಡಿದೆ.

ದೊಡ್ಡಮ್ಮ ಮೊದಲು ಮಾತು ಮರೆಸಿದರು. ಫಾರಮ್ಮಿಗೆ ಬೇಕು ಎಂದೆ. ಆಗ ಹೇಳಿದರು. ನನಗಿಂತ ಮೊದಲು ಒಂದು ಹೋಗಿತ್ತಂತೆ, ನಾಲ್ಕು ತಿಂಗಳಿಗೆ. ತಮ್ಮ ನಿಂತ ಮೂರನೇ ತಿಂಗಳಿಗೆ ನಿನಗೆ ರಕ್ತ ಕಾಣಿಸಿತಂತೆ. ಹಾಸಿಗೆ ಬಿಟ್ಟು ಏಳಕೂಡದು ಎಂದರಂತೆ ಡಾಕ್ಟರು. ಕಾಲಿನ ಕಡೆ ಮಂಚದ ಕೆಳಗೆ ಇಟ್ಟಿಗೆ ಇಟ್ಟು ನಿನ್ನನ್ನು ಐದು ತಿಂಗಳು ಮಲಗಿಸಿದ್ದರಂತೆ. ನಾನು ಬಂದು ಬಂದು ಹೊಟ್ಟೆಯ ಮೇಲೆ ಧುಮುಕುತ್ತಿದ್ದೆನಂತೆ. ಅಪ್ಪ ಬಾಗಿಲು ಹಾಕಿದರೆ ಹೊರಗೆ ನಿಂತು ಬಾಗಿಲಿಗೆ ತಲೆ ಚಚ್ಚಿಕೊಳ್ಳುತ್ತಿದ್ದೆನಂತೆ. ದೊಡ್ಡಮ್ಮ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ:

“ನಿನ್ನ ಎತ್ಕೊಂಡು ಹೊರಟಾಗ ನಿಮ್ಮಮ್ಮ ಗೋಡೆ ಕಡೆ ತಿರುಗಿ ಮಲಗಿದ್ಲು. ಎದ್ದು ಬಂದ್ರೆ ಒಳಗಿರೋದು ಹೋಗುತ್ತೆ, ತಿರುಗಿ ನೋಡಿದ್ರೆ ನೀನು ಹೋಗಲ್ಲ. ಪಾಪ, ಏನು ಮಾಡ್ತಾಳೆ.”

ಆದರೆ ಅದು ಆರು ತಿಂಗಳ ಮಾತಾಯಿತಲ್ಲ ದೊಡ್ಡಮ್ಮ, ಉಳಿದ ಒಂದು ವರ್ಷ ಯಾಕೆ ಎಂದು ಕೇಳಿದೆ. ಅತ್ತ ಕಡೆ ಅವರು ಟಿವಿ ಆರಿಸಿದ್ದು ಕೇಳಿಸಿತು.

“ಅದು ನಿಮ್ಮಮ್ಮ ಮಾಡಿದ್ದಲ್ಲ. ನಾನು ಮಾಡಿದ್ದು. ಅವಳು ಪ್ರತಿ ತಿಂಗಳೂ ಹೇಳಿ ಕಳಿಸ್ತಿದ್ಲು, ಮಗೂನ ಕರ್ಕೊಂಡು ಬಾ ಅಂತ. ನಾನು ನೆಗಡಿ ಅಂತಿದ್ದೆ, ಬಿಸಿಲು ಅಂತಿದ್ದೆ, ಮುಂದಿನ ತಿಂಗಳು ಅಂತಿದ್ದೆ. ನಂಗೆ ಮಕ್ಕಳಿಲ್ಲ ಅಂತ ನಿಂಗೆ ಗೊತ್ತಲ್ಲ. ಕೊನೆಗೆ ಅವಳೇ ಪುಟ್ಟ ಮಗು ಕಂಕುಳಲ್ಲಿ ಹಾಕ್ಕೊಂಡು ಬಸ್ಸು ಹತ್ತಿ ಬಂದ್ಲು. ನನ್ನ ಒಂದು ಮಾತು ಅನ್ನಲಿಲ್ಲ. ನಿನ್ನ ಬಟ್ಟೆ ಎಲ್ಲಿದೆ ಅಂತ ಕೇಳಿದ್ಲು, ಅಷ್ಟೆ.”

ಅಮ್ಮ, ನಾನು ಹದಿಮೂರು ವರ್ಷ ನಿನ್ನನ್ನು ದೂರ ಇಟ್ಟೆ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಯಾಕೆ ಹೇಳಲಿಲ್ಲ ಎಂದು ಸೋಮವಾರದಿಂದ ಯೋಚಿಸಿದೆ. ನಾನು ರಜೆ ಬಂದರೆ ಸಾಕು ದೊಡ್ಡಮ್ಮನ ಮನೆಗೆ ಓಡುತ್ತಿದ್ದೆ. ಅವರ ಕೊರಳಿಗೆ ಜೋತುಬೀಳುತ್ತಿದ್ದೆ. ನೀನು ಹೇಳಿದ್ದರೆ ನನಗೆ ಅವರ ಮೇಲೆ ಸಿಟ್ಟು ಬರುತ್ತಿತ್ತು, ಅವರಿಗೆ ಇದ್ದ ಒಬ್ಬಳೂ ಇಲ್ಲವಾಗುತ್ತಿದ್ದಳು. ಅದಕ್ಕೇ ತಾನೇ? ನಿನ್ನ ಪಾಲಿನ ಸಿಟ್ಟನ್ನೂ ಅವರ ಪಾಲಿನ ಸಿಟ್ಟನ್ನೂ ನೀನೊಬ್ಬಳೇ ಇಟ್ಟುಕೊಂಡೆ. ಬಂದವರ ಮುಂದೆ ‘ನೀವು’ ಎಂದಳು ಎಂದು ನಕ್ಕೆ.

ವಿಚಿತ್ರವೆಂದರೆ ಈಗಲೂ ನನಗೆ ದೊಡ್ಡಮ್ಮನ ಮೇಲೆ ಸಿಟ್ಟು ಬರುತ್ತಿಲ್ಲ. ಬರಬೇಕಿತ್ತೇನೋ. ಫೋನಿಡುವಾಗ ಅವರು, ಇನ್ನು ನೀನು ನಮ್ಮನೆಗೆ ಬರಲ್ವೇನೋ ಎಂದರು. ಹೆರಿಗೆಯಾದ ಮೇಲೆ ಮಕ್ಕಳನ್ನು ಕರೆದುಕೊಂಡು ಬರುತ್ತೇನೆ, ಆದರೆ ಭಾನುವಾರ ಸಂಜೆ ವಾಪಸ್ಸು ಹೊರಡುತ್ತೇನೆ ಎಂದೆ. ಅವರು ನಕ್ಕರು. ಅತ್ತರೂ ಇರಬಹುದು.

ಮಕ್ಕಳು ಎಂದು ಬರೆದೆ ನೋಡು. ಇವತ್ತು ಬೆಳಿಗ್ಗೆ ಸ್ಕ್ಯಾನಿಂಗ್ ಇತ್ತು. ಇವರು ರಜೆ ಹಾಕಿದ್ದರು. ಗಿಟ್ಲೆಯನ್ನು ಹೊರಗೆ ಬಿಡುವ ಹಾಗಿರಲಿಲ್ಲ, ಬಾಗಿಲು ಮುರಿಯುವ ಹಾಗೆ ಅರಚಿದಳು. ಡಾಕ್ಟರೇ ಒಳಗೆ ಕರೆತನ್ನಿ ಎಂದರು. ಹತ್ತು ವಾರ, ಎದೆಬಡಿತ ಸರಿಯಾಗಿದೆ, ಬೆಳವಣಿಗೆ ಸರಿಯಾಗಿದೆ. ನಿನ್ನ ವಿಷಯವನ್ನೆಲ್ಲ ಹೇಳಿದೆ. ಒಳ್ಳೆಯದಾಯಿತು ಹೇಳಿದ್ದು, ಇನ್ನೆರಡು ಸಲ ಹೆಚ್ಚಿಗೆ ಬಂದು ತೋರಿಸಿ, ಹೆದರುವಂಥದ್ದೇನೂ ಈಗ ಕಾಣುತ್ತಿಲ್ಲ ಎಂದರು. ವಾಂತಿಗೆ ಮಾತ್ರೆ ಕೊಟ್ಟಿದ್ದಾರೆ. ಮೊದಲೇ ಕೇಳಿದ್ದರೆ ಮೊದಲೇ ಕೊಡುತ್ತಿದ್ದರಂತೆ.

ಪರದೆಯ ಮೇಲೆ ಆ ಚುಕ್ಕೆ ಮಿಣಮಿಣ ಬಡಿದುಕೊಳ್ಳುತ್ತಿತ್ತು. ನನ್ನ ಹೊಟ್ಟೆಯಲ್ಲಿ ಎರಡು ತಿಂಗಳಿನಿಂದ ಇದ್ದದ್ದು ನನಗೆ ಬರೀ ಒಂದು ಕಾಯಿಲೆಯ ಹಾಗಿತ್ತು ಅಮ್ಮ. ಇವತ್ತು ಮೊದಲ ಸಲ, ಇದು ಯಾರೋ ಎಂದು ಅನ್ನಿಸಿತು. ಗಿಟ್ಲೆ ಅಪ್ಪನ ಹೆಗಲ ಮೇಲಿಂದ ಬಗ್ಗಿ ನೋಡಿ, ಪುಟಾಣಿ ಎಂದಳು. ಆಮೇಲೆ ಅದಕ್ಕೂ ವ್ಯಾಕ್ ಆಗುತ್ತಾ ಎಂದು ಡಾಕ್ಟರನ್ನು ಕೇಳಿದಳು.

ಇನ್ನು ಮುಖ್ಯವಾದ ಮಾತು. ಗಿಟ್ಲೆಯನ್ನು ಕಳಿಸುವುದಿಲ್ಲ. ನೀನು ಆವತ್ತು ಮಾಡಿದ್ದಕ್ಕೆ ಕಾರಣವಿತ್ತು, ನನಗೆ ಅಂಥ ಕಾರಣವಿಲ್ಲ. ನನಗಿರುವುದು ಬರೀ ವಾಂತಿ ಮತ್ತು ಸುಸ್ತು. ಅವಳು ನನ್ನ ರೆಪ್ಪೆ ಬಿಡಿಸಿ ನೋಡಲಿ, ಪರವಾಗಿಲ್ಲ, ನಾನು ಒಳಗೇ ಇರುತ್ತೇನೆ.

ಆದರೆ ನೀನು ಬಾ. ನಿನ್ನ ಶಾಲೆಗೆ ಮುಂದಿನ ವಾರದಿಂದ ರಜೆಯಲ್ಲವೇ? ಆಫೀಸಿನ ಬೀಗದ ಕೈಯನ್ನು ಬೇರೆ ಯಾರಿಗಾದರೂ ಕೊಡು, ಇಪ್ಪತ್ತು ವರ್ಷದಲ್ಲಿ ಒಂದು ರಜೆಯಾದರೂ ನೀನು ಶಾಲೆಗೆ ಹೋಗದೆ ಇದ್ದರೆ ಕಟ್ಟಡ ಕುಸಿಯುವುದಿಲ್ಲ. ಅಪ್ಪ ಎರಡು ತಿಂಗಳು ತಾನೇ ಬೇಯಿಸಿಕೊಳ್ಳಲಿ, ತಮ್ಮ ಪಕ್ಕದ ಬೀದಿಯಲ್ಲೇ ಇದ್ದಾನೆ, ಉಪ್ಪು ಹೆಚ್ಚಾದರೆ ಅವನ ಮನೆಗೆ ಹೋಗಿ ಉಣ್ಣಲಿ. ನಿನಗೆ ಕಿಟಕಿಯ ಪಕ್ಕದ ಹಾಸಿಗೆ. ಗಿಟ್ಲೆ ನಿನ್ನ ಜೊತೆಯೇ ಮಲಗುತ್ತೇನೆಂದು ಹಟ ಮಾಡುತ್ತಾಳೆ, ನಿದ್ದೆಯಲ್ಲಿ ಒದೆಯುತ್ತಾಳೆ, ಮೊದಲೇ ಹೇಳಿದ್ದೇನೆ. ಸಿಸ್ಟರಮ್ಮ ನಿನ್ನ ವಯಸ್ಸಿನವರೇ. ನೀವಿಬ್ಬರೂ ಸೇರಿದರೆ ನನ್ನ ಮಾತು ಈ ಮನೆಯಲ್ಲಿ ನಡೆಯುವುದಿಲ್ಲ ಎಂದು ಇವರು ಈಗಲೇ ನಗುತ್ತಿದ್ದಾರೆ.

ಬಂದು ನನಗೆ ಏನೂ ಮಾಡಿಕೊಡಬೇಕಾಗಿಲ್ಲ. ನಾನು ಹೊಲಿಯುವಾಗ ಎದುರಿಗೆ ಕೂತು, ಆ ಐದು ತಿಂಗಳು ಗೋಡೆ ನೋಡಿಕೊಂಡು ಏನು ಯೋಚಿಸುತ್ತಿದ್ದೆ ಎಂದು ಹೇಳು. ನಾನು ಕೇಳುತ್ತೇನೆ. ಎದ್ದು ಓಡಿದರೆ ಬಚ್ಚಲಿಗೆ ಓಡಿದ್ದೇನೆ ಎಂದು ತಿಳಿ, ಮತ್ತೆ ಬಂದು ಕೂರುತ್ತೇನೆ.

ಅಪ್ಪನಿಗೆ ನನ್ನ ನಮಸ್ಕಾರ. ಯಾವ ಬಸ್ಸಿಗೆ ಬರುತ್ತೀಯೆಂದು ಇವರಿಗೆ ತಿಳಿಸು, ಇಳಿಯುವ ಕಡೆ ಬಂದು ನಿಂತಿರುತ್ತಾರೆ.

ನಿನ್ನ ದಾರಿ ಕಾಯುತ್ತಿರುವ,
ಮಗಳು

ಮಡಚುವ ಮೊದಲು ಇಷ್ಟು:

ಬುಧವಾರದ ಭಾಗದಲ್ಲಿ ಒಂದು ಸುಳ್ಳು ಬರೆದಿದ್ದೇನೆ. ಹೊಡೆದುಹಾಕಿ ತಿದ್ದೋಣವೆಂದರೆ ಹಾಳೆ ಹಾಳಾಗುತ್ತದೆ, ಅದಕ್ಕೆ ಇ‌ಲ್ಲಿ ಹೇಳುತ್ತೇನೆ. ಭಾನುವಾರ ನಾನು ಫೋನ್ ಇಟ್ಟದ್ದು ಹಳೆಯ ಸಿಟ್ಟಿಗಲ್ಲ. ಮಗೂನ ಕಳಿಸ್ಬಿಡು ಎಂದು ನೀನು ಅಂದ ಕೂಡಲೇ ನನ್ನ ಮನಸ್ಸು ಹೂಂ ಎಂದಿತ್ತು. ಅಷ್ಟು ದಿನದಲ್ಲಿ ಮೊದಲ ಸಲ ಎದೆ ಹಗುರಾಗಿತ್ತು. ಅವಳ ಯಾವ ಯಾವ ಅಂಗಿ ಒಣಗಿವೆ, ಯಾವ ಚೀಲದಲ್ಲಿ ತುಂಬಲಿ ಎಂದು ಕಣ್ಣು ಆಗಲೇ ಹುಡುಕುತ್ತಿತ್ತು. ಆ ಹೂಂ ಬಾಯಿಗೆ ಬಂದು, ನಿನಗೆ ಕೇಳಿಸಿಬಿಟ್ಟರೆ ಎಂದು ಹೆದರಿ ಇಟ್ಟುಬಿಟ್ಟೆ.